ಪ್ಲಗ್ ಓದುವ ಪದ್ಮಾವತಿ

ಬೆಳಿಗ್ಗೆ ಆರೂಮುಕ್ಕಾಲು. ಕ್ರೈಸ್ಟ್‌ಚರ್ಚ್ ನಗರದ ಪಶ್ಚಿಮದಂಚಿನಲ್ಲಿರುವ ಡ್ರ್ಯಾಗ್ ರೇಸ್ ಮೈದಾನದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ನಿಂತ ‘ಯೂಟ್’ ಎಂಬ ಪಿಕಪ್ ಗಾಡಿಯೊಂದರ ಹಿಂಬಾಗಿಲನ್ನು ಮೇಜಿನಂತೆ ಕೆಳಗಿಳಿಸಿ, ಅದರ ಮೇಲೆ ಗಂಡನ ಹಳೆಯ ಪಂಚೆಯ ಅರ್ಧ ತುಂಡು ಹಾಸಿಕೊಂಡು, ಪದ್ಮಾವತಿ ಹಿತ್ತಾಳೆಯ ಜೆಟ್‌ಗಳನ್ನು ಜೋಡಿಸುತ್ತಿದ್ದಾರೆ. ಒಂದೊಂದೂ ಕಡಲೆಕಾಳಿಗಿಂತ ತುಸು ದೊಡ್ಡದು. ಒಂದೊಂದರ ನಡುವೆಯೂ ಪೆಟ್ರೋಲು ಹಾಯುವ ಸಣ್ಣ ತೂತು. ಅಕ್ಕಪಕ್ಕದ ಎರಡು ನಂಬರಿನ ಜೆಟ್‌ಗಳ ತೂತಿನ ಅಗಲಕ್ಕೆ ಇರುವ ವ್ಯತ್ಯಾಸ ಒಂದು ಕೂದಲೆಳೆಗಿಂತ ಕಡಿಮೆ. ಅವರು ಪ್ರತಿಯೊಂದನ್ನೂ ಎತ್ತಿ, ಬಲಗಣ್ಣಿಗೆ ಸಿಕ್ಕಿಸಿಕೊಂಡ ಕಪ್ಪು ಭೂತಗನ್ನಡಿಯಲ್ಲಿ ನೋಡಿ, ಅದರ ಜಾಗಕ್ಕೆ ಇಡುತ್ತಾರೆ.

ಪಕ್ಕದಲ್ಲಿ ಗಿಳಿಹಸಿರು ಬಣ್ಣದ 1970ರ ಪ್ಲಿಮತ್ ಕುಡಾ ನಿಂತಿದೆ. ಅಮೆರಿಕದವರು ‘ಮಸಲ್ ಕಾರ್’ ಎಂದು ಕರೆದ ತಳಿಯದು. ಮೂತಿ ಉದ್ದ, ಬಾಲ ಮೋಟು, ಬಾನೆಟ್ಟಿನ ಕೆಳಗೆ ಏಳು ಲೀಟರಿನ ಎಂಜಿನ್. ಕಾರಿನ ಮಾಲೀಕ ರಸೆಲ್, ಎಪ್ಪತ್ತಮೂರು ವರ್ಷದ ನಿವೃತ್ತ ಟ್ರಕ್ ಚಾಲಕ, ಕಾಗದದ ಲೋಟದಲ್ಲಿ ಚಹಾ ಹಿಡಿದು ಎರಡು ಸಲ ಹತ್ತಿರ ಬಂದು, ಏನೂ ಕೇಳದೆ ಹಿಂದೆ ಹೋಗಿದ್ದಾನೆ. ಜೆಟ್ ಜೋಡಿಸುವಾಗ ಪದ್ಮಾವತಿಯನ್ನು ಮಾತಾಡಿಸಬಾರದು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು.

ಐವತ್ತೊಂಬತ್ತು ವರ್ಷದ ಪದ್ಮಾವತಿಯವರ ಹೆಸರು ಯಾವ ಕಾರಿನ ಮೇಲೂ ಇಲ್ಲ, ಯಾವ ಬಹುಮಾನದ ಫಲಕದ ಮೇಲೂ ಇಲ್ಲ. ಆದರೆ ಹಾರ್ನ್‌ಬಿ ಬಡಾವಣೆಯ ಗೋದಾಮುಗಳ ನಡುವೆ ಅವರು ಕೆಲಸ ಮಾಡುವ ಎಂಜಿನ್ ದುರಸ್ತಿ ಶೆಡ್ಡಿಗೆ ಹಳೆಯ ಅಮೆರಿಕನ್ ಕಾರುಗಳನ್ನು ತರುವವರು ಬಾಗಿಲಲ್ಲೇ ಕೇಳುವ ಪ್ರಶ್ನೆ ಒಂದೇ: “ಪ್ಯಾಡಿ ಇದ್ದಾಳಾ?”

ಆ ಭೂತಗನ್ನಡಿ ಬೆಂಗಳೂರಿನದು. ಇಪ್ಪತ್ತನೆಯ ವಯಸ್ಸಿಗೆ ಪದ್ಮಾವತಿ ಅಲ್ಲಿನ ಗಡಿಯಾರದ ಕಾರ್ಖಾನೆಯೊಂದಕ್ಕೆ ಸೇರಿದರು. ಹದಿನಾರು ವರ್ಷ, ದಿನಕ್ಕೆ ಎಂಟು ಗಂಟೆ, ಕೈಗಡಿಯಾರದ ಒಳಗಿನ ಕೂದಲಿನಂಥ ಸ್ಪ್ರಿಂಗ್ ಕೂರಿಸುವ ಕೆಲಸ. ಕಾರ್ಖಾನೆ ಸೊರಗಿ ಸ್ವಯಂನಿವೃತ್ತಿ ಕೊಟ್ಟಾಗ ಮನೆಯಲ್ಲೇ ಕೂತು ಸೀರೆಗೆ ಫಾಲ್ಸ್ ಹೊಲಿದರು. ಭೂಕಂಪದಲ್ಲಿ ಕುಸಿದ ಕ್ರೈಸ್ಟ್‌ಚರ್ಚನ್ನು ಮತ್ತೆ ಕಟ್ಟಲು ಎಂಜಿನಿಯರುಗಳು ಬೇಕಾದಾಗ ಗಂಡ ವಾಸುದೇವ್‌ಗೆ ಕೆಲಸ ಸಿಕ್ಕಿತು. ನಲವತ್ತಾರನೆಯ ವಯಸ್ಸಿಗೆ ಪದ್ಮಾವತಿ ಇಲ್ಲಿಗೆ ಬಂದಿಳಿದರು.

“ಮೊದಲನೇ ವರ್ಷ ಮನೇಲಿ ಗಡಿಯಾರದ ಶಬ್ದ ಮಾತ್ರ ಕೇಳ್ತಿತ್ತು,” ಎನ್ನುತ್ತಾರೆ. “ಇವರು ಹೋದ್ರೆ ಸಂಜೆವರೆಗೂ ಯಾರ ಹತ್ರನೂ ಒಂದು ಮಾತಿಲ್ಲ. ಅದಕ್ಕೇ ಡೇರಿ, ಅಂದ್ರೆ ಇಲ್ಲಿನ ಬೀದಿ ಮೂಲೆ ಅಂಗಡಿ, ಅದರ ಹೊರಗಡೆ ಅಂಟಿಸಿದ್ದ ಚೀಟಿ ನೋಡಿ ಫೋನ್ ಮಾಡ್ದೆ. ಪಾರ್ಟ್ಸ್ ತೊಳೆಯೋಕೆ ಜನ ಬೇಕು ಅಂತಿತ್ತು. ಪಾತ್ರೆ ತೊಳೆದ ಹಾಗೇ ತಾನೆ ಅಂದ್ಕೊಂಡೆ.”

ಶೆಡ್ಡಿನ ಯಜಮಾನ ಗ್ರೇಮ್ ಮೂರನೆಯ ವಾರ ಒಂದು ಬೆಳಿಗ್ಗೆ ಬಂದು ನೋಡಿದಾಗ, ಬಿಚ್ಚಿ ಗುಡ್ಡೆ ಹಾಕಿದ್ದ ಕಾರ್ಬುರೇಟರ್ ಮತ್ತೆ ಒಂದಾಗಿ ಮೇಜಿನ ಮೇಲೆ ಕೂತಿತ್ತು. ಗಾಳಿ ಮತ್ತು ಪೆಟ್ರೋಲನ್ನು ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಪೆಟ್ಟಿಗೆ ಅದು. ಒಳಗೆ ನೂರಮೂವತ್ತಕ್ಕೂ ಹೆಚ್ಚು ತುಂಡುಗಳು. “ಯಾರು ಜೋಡಿಸಿದ್ದು ಅಂತ ಕೇಳಿದೆ. ತಪ್ಪು ಮಾಡಿದವಳ ಹಾಗೆ ಕೈ ಎತ್ತಿದಳು,” ಎಂದು ಗ್ರೇಮ್ ನಗುತ್ತಾನೆ. “ಮೇಟ್, ಒಂದು ಸ್ಕ್ರೂ ಕೂಡ ಉಳಿದಿರಲಿಲ್ಲ. ನಾನು ಜೋಡಿಸಿದರೆ ಈಗಲೂ ಎರಡು ಉಳಿಯುತ್ತವೆ.”

ಈಗ ವಾರಕ್ಕೆ ಐದು ಕಾರ್ಬುರೇಟರ್. ಡಬ್ಬಿಯಲ್ಲಿ ಇಪ್ಪತ್ತೆಂಟು ಅಳತೆಯ ಜೆಟ್. ರೇಸಿನ ಭಾನುವಾರಗಳಲ್ಲಿ ಒಂದೊಂದು ಓಟಕ್ಕೆ ಎಂಟೆಂಟು ಸ್ಪಾರ್ಕ್ ಪ್ಲಗ್. ಡ್ರ್ಯಾಗ್ ರೇಸ್ ಎಂದರೆ ಕಾಲು ಮೈಲಿಯ ನೇರ ದಾರಿ, ಅಕ್ಕಪಕ್ಕ ಎರಡು ಕಾರು, ಹಸಿರು ದೀಪ. ಹನ್ನೆರಡು ಹದಿಮೂರು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಗುರಿ ದಾಟಿದ ಕ್ಷಣವೇ ಚಾಲಕ ಎಂಜಿನ್ ಆರಿಸಿ ಕಾರನ್ನು ಹಾಗೇ ಉರುಳಲು ಬಿಡಬೇಕು. ತಿರುಗಿ ಓಡಿಸಿಕೊಂಡು ಬಂದರೆ ಪ್ಲಗ್ಗಿನ ಮೇಲೆ ಓಟ ಬಿಟ್ಟುಹೋದ ಬಣ್ಣದ ಬರಹ ಅಳಿಸಿಹೋಗುತ್ತದೆ. ಕಾರನ್ನು ಎಳೆದು ತಂದ ಮೇಲೆ ಪದ್ಮಾವತಿ ಎಂಟೂ ಪ್ಲಗ್ ಬಿಚ್ಚಿ, ಕನ್ನಡಿ ಸಿಕ್ಕಿಸಿ, ಒಳಗಿನ ಬಿಳಿ ಪಿಂಗಾಣಿಯ ಬುಡ ನೋಡುತ್ತಾರೆ.

“ಹುರಿದ ಧನಿಯಾ ಬಣ್ಣ ಇದ್ರೆ ಹದ. ಕಪ್ಪಗಿದ್ರೆ ಪೆಟ್ರೋಲ್ ಜಾಸ್ತಿ, ಅದರಿಂದೇನೂ ಪ್ರಾಣ ಹೋಗಲ್ಲ. ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಅದೇ ಭಯ. ಬಿಳೀ ಮೇಲೆ ಬೆಳ್ಳಿ ಚುಕ್ಕಿ ಕಂಡ್ರೆ ಮುಗೀತು, ಒಳಗೆ ಪಿಸ್ಟನ್ ಕರಗ್ತಾ ಇದೆ ಅಂತ.”

ಯುಗಾದಿ ಊಟದಲ್ಲಿ ಯಾರಾದರೂ “ಆಂಟಿ, ನೀವು ವರ್ಕ್‌ಶಾಪಲ್ಲಿ ಅಡ್ಮಿನ್ನಾ?” ಎಂದು ಕೇಳಿದರೆ ಅವರು ಹೋಳಿಗೆ ಬಡಿಸುತ್ತಲೇ “ಇಲ್ಲಮ್ಮ, ಕಾರ್ಬುರೇಟರ್” ಎನ್ನುತ್ತಾರೆ. ಕೇಳಿದವರು ಅದೊಂದು ಸಾಫ್ಟ್‌ವೇರ್ ಇರಬೇಕೆಂದು ತಲೆಯಾಡಿಸುತ್ತಾರೆ.

ಪದ್ಮಾವತಿ ಹೇಳಲು ಬಹಳ ಹೊತ್ತು ತೆಗೆದುಕೊಳ್ಳುವ ಸಂಗತಿಯೊಂದಿದೆ. ಏಳು ವರ್ಷದ ಹಿಂದಿನದು.

ಈ ಸೀಮೆಯಲ್ಲಿ ಬೇಸಿಗೆಗೆ ಎರಡು ಗಾಳಿ. ಬೆಟ್ಟಸಾಲು ಇಳಿದು ಬರುವ ನಾರ್‌ವೆಸ್ಟರ್ ಬಿಸಿ, ಒಣ, ತಲೆ ಸಿಡಿಸುವಂಥದ್ದು. ಅದು ಬೀಸುತ್ತಿರುವಾಗಲೇ ದಕ್ಷಿಣ ಸಮುದ್ರದ ಸದರ್ಲಿ ನುಗ್ಗಿದರೆ ಹತ್ತು ನಿಮಿಷದಲ್ಲಿ ಹದಿನೈದು ಡಿಗ್ರಿ ಇಳಿಯುತ್ತದೆ. ಜನ ಸ್ವೆಟರ್ ಹಾಕಿಕೊಳ್ಳುತ್ತಾರೆ. ಎಂಜಿನ್ನಿಗೆ ಸ್ವೆಟರ್ ಇಲ್ಲ. ತಣ್ಣನೆಯ ಗಾಳಿ ದಟ್ಟ. ಬಿಸಿಗಾಳಿಗೆಂದು ಕೂರಿಸಿದ ಜೆಟ್ ಮೊದಲಿನಷ್ಟೇ ಪೆಟ್ರೋಲು ಬಿಡುತ್ತದೆ, ಗಾಳಿ ಮಾತ್ರ ಹೆಚ್ಚು ಒಳನುಗ್ಗುತ್ತದೆ.

“ಉಪ್ಪಿಟ್ಟಿಗೆ ನೀರು ಅಳತೆ ಇಟ್ಟಾಗಿದೆ. ಯಾರೋ ಬಂದು ಇನ್ನೊಂದು ಪಾವು ರವೆ ಸುರಿದ್ರೆ? ತಳ ಹಿಡಿಯತ್ತಲ್ವಾ, ಹಾಗೇ.”

ಆ ದಿನ ಅವರು ಸ್ಪ್ಯಾನರ್ ಹಿಡಿದುಕೊಡಲು ಬಂದಿದ್ದರು, ಅಷ್ಟೆ. ಬೇರೊಬ್ಬ ಮುದುಕನ ಕಾರು ಓಟದ ಸಾಲಿನಲ್ಲಿ ಅರ್ಧ ಗಂಟೆಯಿಂದ ಕಾಯುತ್ತಿತ್ತು. ಬೆವರು ಒಣಗಿ ಕತ್ತಿನ ಹಿಂದೆ ತಣ್ಣಗಾದದ್ದು ಪದ್ಮಾವತಿಗೆ ಗೊತ್ತಾಯಿತು. ಸಾಲಿನಿಂದ ಆಚೆ ಬಂದರೆ ಸರದಿ ತಪ್ಪುತ್ತದೆಂದು ಯಾರೂ ಬರುವುದಿಲ್ಲ. ಗಂಟೆಗಟ್ಟಲೆ ಕಾದು, ಕಾದ ಹಠಕ್ಕೇ ಎಂಜಿನ್ ಕಳೆದುಕೊಳ್ಳುವುದು ಇಲ್ಲಿಯ ಹಳೆಯ ತಪ್ಪು.

“ಹೇಳ್ಬೇಕು ಅನ್ನಿಸ್ತು. ಬಾಯಿವರೆಗೂ ಬಂತು. ಪಾರ್ಟ್ಸ್ ತೊಳೆಯೋಕೆ ಬಂದೋಳು ನಾನು, ಇಷ್ಟು ಜನ ಗಂಡಸರಿಗೆ ಗೊತ್ತಿಲ್ದೆ ಇರತ್ತಾ ಅಂತ ಸುಮ್ಮನಾದೆ.”

ಮುಕ್ಕಾಲು ದಾರಿಯಲ್ಲಿ ಐದನೆಯ ಪಿಸ್ಟನ್ ತೂತಾಯಿತು. ಎಂಜಿನ್ನಿನ ಮೂಲ ಬ್ಲಾಕ್, ಅಂದರೆ ಅದರ ಎರಕದ ಒಡಲು, ಬಿರುಕು ಬಿಟ್ಟಿತು. ಐವತ್ತು ವರ್ಷದ ಹಿಂದೆ ಅದರ ಮೇಲೆ ಒತ್ತಿದ ಸಂಖ್ಯೆ ಕಾರಿನ ಸಂಖ್ಯೆಗೆ ಹೊಂದುತ್ತಿತ್ತು. ಅಂಥದ್ದು ಇನ್ನೊಂದಿಲ್ಲ. ಆ ಮುದುಕ ಟೈರಿನ ಮೇಲೆ ಕೂತು ಕೈಗವಸು ಬಿಚ್ಚುವುದನ್ನೂ ಮರೆತಿದ್ದ. ಪದ್ಮಾವತಿಯನ್ನು ಯಾರೂ ಬೈಯಲಿಲ್ಲ, ಯಾರೂ ಏನೂ ಕೇಳಲಿಲ್ಲ. ಎರಡು ವರ್ಷ ಅವರು ಅದನ್ನು ಗಂಡನಿಗೂ ಹೇಳಲಿಲ್ಲ.

ರಸೆಲ್‌ನ ಕುಡಾದಲ್ಲಿರುವುದೂ ಅಂಥದೇ ಎಂಜಿನ್. ಹುಟ್ಟಿದಾಗಿನಿಂದ ಜೊತೆಗಿರುವ ಬ್ಲಾಕ್, ಹೊಂದುವ ಸಂಖ್ಯೆ. ಅದನ್ನು ಮೊದಲ ತಿರುಪಿನಿಂದ ಕೊನೆಯವರೆಗೆ ಬಿಚ್ಚಿ ಕಟ್ಟಿದ್ದು ಪದ್ಮಾವತಿ. ಎರಡು ವರ್ಷದ ಕೆಲಸ, ಪೂರ್ತಿ ತಮ್ಮ ಕೈಯಲ್ಲೇ ಆದ ಮೊದಲನೆಯ ಎಂಜಿನ್. ಸೀಸನ್ನಿನ ಈ ಕೊನೆಯ ಭಾನುವಾರ, ಮತ್ತೆ ಕಟ್ಟಿದ ಮೇಲೆ ಅದರ ಮೊದಲ ಓಟ. ರಸೆಲ್‌ಗೂ ಆತುರವಿದೆ. ಏಪ್ರಿಲ್‌ನಲ್ಲಿ ರೇಸ್ ಲೈಸೆನ್ಸಿನ ವೈದ್ಯಕೀಯ ಪರೀಕ್ಷೆ. ಹೃದಯಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡವನಿಗೆ ಅಕ್ಟೋಬರಿನಲ್ಲಿ ಶುರುವಾಗುವ ಮುಂದಿನ ಸೀಸನ್ನಿನ ಭರವಸೆ ಇಲ್ಲ.

ಮಧ್ಯಾಹ್ನ ಮೂರಕ್ಕೆ ಮೂವತ್ತೊಂದು ಡಿಗ್ರಿ. ಪಡುವಣದ ಬೆಟ್ಟಗಳ ಮೇಲೆ ಮೋಡದ ಬಿಳಿ ಕಮಾನು, ಅಂದರೆ ನಾರ್‌ವೆಸ್ಟರ್. ಅದಕ್ಕೆ ತಕ್ಕ ಜೆಟ್ ಕೂರಿಸಿ ಕಾರು ಸಾಲಿನಲ್ಲಿದೆ. ಮುಂದೆ ಹನ್ನೊಂದು ಜೋಡಿ. ಏಳು ಜೋಡಿ ಓಡಿ ಮುಗಿದಾಗ ಪದ್ಮಾವತಿಯ ತಲೆಯ ಸ್ಕಾರ್ಫ್ ಒಮ್ಮೆ ಸುಮ್ಮನಾಗಿ, ಮತ್ತೆ ಇನ್ನೊಂದು ಕಡೆಗೆ ಹಾರುತ್ತದೆ. ಅವರು ದಕ್ಷಿಣಕ್ಕೆ ತಿರುಗಿ ನೋಡುತ್ತಾರೆ. ಬೂದು ಬಣ್ಣದ ಗೋಡೆಯಂತೆ ಮೋಡ.

ಅವರು ನೇರ ಹೋಗಿ ಕಾರಿನ ಕಿಟಕಿ ತಟ್ಟುತ್ತಾರೆ.

“ರಸೆಲ್, ಹೊರಗೆ ತೆಗಿ.”

“ಏನು?”

“ಸದರ್ಲಿ ಬಂತು. ಈ ಜೆಟ್ಟಲ್ಲಿ ಓಡಬಾರದು. ಸಾಲಿಂದ ಆಚೆ ತೆಗಿ.”

“ನಾಲ್ಕೇ ಜೋಡಿ ಇದೆ ಪ್ಯಾಡಿ! ಮಳೆ ಬಿದ್ದರೆ ಇವತ್ತಿಗೆ ಮುಗೀತು. ಹನ್ನೆರಡು ಸೆಕೆಂಡಿನ ಕೆಲಸ, ಏನೂ ಆಗಲ್ಲ.”

“ಕರಗೋಕೆ ಎಂಟು ಸೆಕೆಂಡ್ ಸಾಕು.”

“ಕಾರು ಯಾರದ್ದು?”

“ಕಾರು ನಿನ್ನದು. ಎಂಜಿನ್ ಕಟ್ಟಿದ್ದು ನಾನು.” ಪದ್ಮಾವತಿ ಕಿಟಕಿಯ ಚೌಕಟ್ಟಿನಿಂದ ಕೈ ತೆಗೆಯುವುದಿಲ್ಲ. “ಓಡಿಸಬೇಕು ಅಂದ್ರೆ ನನ್ನ ಕೈ ಎಳ್ಕೊಂಡು ಹೋಗು.”

ಹಿಂದಿನ ಕಾರಿನವನು ಹಾರ್ನ್ ಒತ್ತಿ, “ಟೀ ಕುಡಿಯೋ ಟೈಮಾ ಅಜ್ಜಿ?” ಎಂದು ಕೂಗುತ್ತಾನೆ. ರಸೆಲ್‌ನ ಮುಖ ಕೆಂಪಾಗುತ್ತದೆ. ಒಂದು ಬೈಗುಳ ಉದುರಿಸಿ, ಸ್ಟೀರಿಂಗ್ ಎಡಕ್ಕೆ ತಿರುಗಿಸುತ್ತಾನೆ. ಸಾಲು ನೋಡಿಕೊಳ್ಳುವ ನೈರಿ ಎಂಬಾಕೆ ಆಕಾಶ ನೋಡಿ ಹೇಳುತ್ತಾಳೆ: “ಕೊನೆಯ ಜೋಡಿ ಹೊರಡುವ ಮುಂಚೆ ಬಂದರೆ ಬಿಡ್ತೀನಿ. ಹದಿನೈದು ನಿಮಿಷ. ಮಳೆ ಬಂದರೆ ನನ್ನ ಕೈಯಲ್ಲಿಲ್ಲ.”

ಗ್ರೇಮ್ ಟಾರ್ಚ್ ಹಿಡಿಯುತ್ತಾನೆ. ಪದ್ಮಾವತಿ ಕಾರ್ಬುರೇಟರಿನ ಎರಡೂ ಬಟ್ಟಲು ಕಳಚಿ, ಸುರಿಯುವ ಪೆಟ್ರೋಲನ್ನು ಚಿಂದಿಯಲ್ಲಿ ಹಿಡಿದು, ನಾಲ್ಕು ಜೆಟ್ ತಿರುಗಿಸಿ ತೆಗೆದು, ಎರಡೆರಡು ನಂಬರು ದೊಡ್ಡದನ್ನು ಕೂರಿಸುತ್ತಾರೆ. ಗಾಳಿಗೆ ಪಂಚೆ ಹಾರುತ್ತದೆ, ಅದರ ಮೇಲಿನ ಜೆಟ್‌ಗಳೆಲ್ಲ ಹುಲ್ಲಿಗೆ ಚೆಲ್ಲುತ್ತವೆ. ಅವರು ತಿರುಗಿಯೂ ನೋಡುವುದಿಲ್ಲ. ಬೇಕಾದ ನಾಲ್ಕನ್ನು ಮೊದಲೇ ತುಟಿಗಳ ನಡುವೆ ಕಚ್ಚಿಕೊಂಡಿದ್ದಾರೆ. ಹದಿಮೂರು ನಿಮಿಷ.

ಕೊನೆಯ ಜೋಡಿಯಲ್ಲಿ ಕುಡಾ ಓಡುತ್ತದೆ. ಹೊಗೆ, ಎದೆಗೂಡು ನಡುಗಿಸುವ ಸದ್ದು, ಹಸಿರು ಚುಕ್ಕಿಯಾಗುವ ಕಾರು. ಆಮೇಲೆ, ಎಂಜಿನ್ ಆರಿಸಿದ ಮೇಲಿನ ನಿಶ್ಶಬ್ದ. ಫಲಕದ ಮೇಲೆ 12.41 ಸೆಕೆಂಡು. ರಸೆಲ್‌ನ ಹಳೆಯ ದಾಖಲೆಗಿಂತ ಕೂದಲೆಳೆ ನಿಧಾನ.

ಮೊದಲ ಹನಿಗಳು ಬೀಳುವಾಗ ಪದ್ಮಾವತಿ ಯೂಟ್‌ನೊಳಗೆ ಕೂತು ಒಂದೊಂದೇ ಪ್ಲಗ್ ಓದುತ್ತಾರೆ. ರಸೆಲ್ ಬಾಗಿಲ ಬಳಿ ನೆನೆಯುತ್ತ ನಿಂತಿದ್ದಾನೆ. ಎಂಟನೆಯದನ್ನು ಕೆಳಗಿಟ್ಟು ಅವರು ಕನ್ನಡಿಯನ್ನು ಅವನ ಕೈಗೆ ಕೊಡುತ್ತಾರೆ. ಅವನು ಐದನೆಯದನ್ನು ಎತ್ತಿ ಬಹಳ ಹೊತ್ತು ನೋಡುತ್ತಾನೆ. ಎಲ್ಲವೂ ಒಂದೇ ಬಣ್ಣ, ಹುರಿದ ಧನಿಯಾ.

“ಆಗಲೇ ಓಡಿಸಿದ್ದರೆ ನಿಜಕ್ಕೂ ಹೋಗುತ್ತಿತ್ತಾ?” ಅವನ ದನಿ ತಗ್ಗಿದೆ.

“ಗೊತ್ತಿಲ್ಲ,” ಎನ್ನುತ್ತಾರೆ ಪದ್ಮಾವತಿ. “ಇನ್ಮೇಲೆ ಗೊತ್ತಾಗೋದೂ ಇಲ್ಲ.”

ಅವನು ತಲೆಯಾಡಿಸಿ, ಪ್ಲಗ್ಗನ್ನು ಅದರ ಜಾಗಕ್ಕೇ ಜೋಪಾನವಾಗಿ ಇಟ್ಟು, ಹುಲ್ಲಿನಲ್ಲಿ ಚೆಲ್ಲಿದ ಜೆಟ್ ಹುಡುಕಲು ಮಳೆಯಲ್ಲೇ ಬಗ್ಗುತ್ತಾನೆ.

ಒಡೆದ ಎಂಜಿನ್ನಿಗೆ ನೂರು ಸಾಕ್ಷಿ. ಉಳಿದ ಎಂಜಿನ್ನಿಗೆ ಒಂದೂ ಇಲ್ಲ. ಪದ್ಮಾವತಿಯವರ ಹನ್ನೆರಡು ವರ್ಷದ ಕೆಲಸವೆಲ್ಲ ಈ ಎರಡನೆಯ ಬಗೆಯದು. ಆಗದೇ ಹೋದದ್ದನ್ನು ಯಾರಿಗೆ ತೋರಿಸುವುದು? ಅವರಿಗೆ ತೋರಿಸುವ ಆಸೆಯೂ ಇದ್ದಂತಿಲ್ಲ.

ಮರುವಾರ ಕ್ಲಬ್ಬಿನ ಸಭೆಯಲ್ಲಿ ನೈರಿ ಎಲ್ಲರಿಂದಲೂ ಸಲಹೆ ಕೇಳುತ್ತಾಳೆ. ಪದ್ಮಾವತಿ ಎದ್ದು ನಿಂತು, ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಸಭೆಯೊಂದರಲ್ಲಿ ಮಾತಾಡುತ್ತಾರೆ. ಓಟದ ಸಾಲಿನ ಪಕ್ಕ, ಕಾಯುವವರ ಕಣ್ಣಿಗೆ ಬೀಳುವಂತೆ, ವಿಮಾನ ನಿಲ್ದಾಣದಲ್ಲಿರುವಂಥ, ಗಾಳಿಯ ದಿಕ್ಕು ತೋರಿಸುವ ಒಂದು ಬಟ್ಟೆಯ ಗಾಳಿಚೀಲ ಕಟ್ಟಬೇಕು. ಅಷ್ಟೇ ಅವರ ಬೇಡಿಕೆ.

“ಅದನ್ನ ನೋಡಿ ಒಬ್ಬರಾದ್ರೂ ತಾವಾಗೇ ಸಾಲಿಂದ ಆಚೆ ಬಂದ್ರೆ ಸಾಕು,” ಎನ್ನುತ್ತಾರೆ ಮನೆಯಲ್ಲಿ ಕಾಫಿ ಸೋಸುತ್ತಾ.

ವಾಸುದೇವ್ ಪೇಪರಿನ ಹಿಂದಿನಿಂದ ಕಾಲೆಳೆಯುತ್ತಾರೆ: “ಈಗ ತಾನೇ ಬಾಯಿ ಬಂದಿದೆ. ಅಷ್ಟರಲ್ಲೇ ಹೇಳೋ ಕೆಲಸಾನ ಚೀಲಕ್ಕೆ ವಹಿಸಿಕೊಡ್ತಾಳಂತೆ.”

“ಎಲ್ಲಿ ವಹಿಸಿಕೊಡ್ತೀನಿ?” ಲೋಟವನ್ನು ಅವರ ಮುಂದೆ ಇಟ್ಟು ಪದ್ಮಾವತಿ ಹೇಳುತ್ತಾರೆ. “ಚೀಲ ದಿಕ್ಕು ತೋರಿಸತ್ತೆ ಅಷ್ಟೆ. ಯಾವ ನಂಬರಿನ ಜೆಟ್ ಅಂತ ನಾನೇ ಹೇಳ್ಬೇಕು.”