ಬೆಂಕಿ ಹಾಕದ ಬಚ್ಚಲೊಲೆ

ನಮ್ಮತ್ತೆ ಗೀಸರ್ ನೀರಿನಲ್ಲಿ ಸ್ನಾನ ಮಾಡಿದ ದಿನವೇ ನನಗೆ ಅನುಮಾನ ಬಂತು. ಕೊಪ್ಪ ಪೇಟೆಯೊಳಗಿನ ನಮ್ಮ ಮನೆಗೆ ಗೀಸರ್ ಬಂದು ವರ್ಷಗಳಾದವು. ಆದರೂ ಅವರಿಗೆ ಹಿಂದಿನ ಬಚ್ಚಲುಮನೆಯ ಹಂಡೆ ನೀರೇ ಆಗಬೇಕು. ಬೆಳಗ್ಗೆ ಒಲೆಗೆ ತೆಂಗಿನ ಸಿಪ್ಪೆ ತುರುಕಿ ಬೆಂಕಿ ಹಾಕದೆ ಕಾಫಿಯನ್ನೂ ಮುಟ್ಟುವವರಲ್ಲ. ಗೀಸರ್ ನೀರಿನಲ್ಲಿ ಮಿಂದರೆ ಮಿಂದಂತೆಯೇ ಆಗುವುದಿಲ್ಲ ಎಂದು ಬಂದವರಿಗೆಲ್ಲ ಹೇಳುವವರು, ಆ ದಿನ ತುಟಿಪಿಟಿಕ್ಕೆನ್ನದೆ ಒಳಗಿನ ಬಾತ್‌ರೂಮಿಗೆ ಹೋದರು.

ಹಿಂದಿನ ರಾತ್ರಿಯಷ್ಟೇ ಬೆಕ್ಕಿನ ಮರಿಗಳು ಕಾಣೆಯಾಗಿದ್ದವು.

ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಮಿಷನ್ನಿನ ಕೆಳಗೆ ಚೂರು ಬಟ್ಟೆ ಹಾಕುವ ಬುಟ್ಟಿಯಲ್ಲಿ ನಮ್ಮ ಬೆಕ್ಕು ಮೂರು ಮರಿ ಹಾಕಿತ್ತು. ಒಂದು ಪೂರ್ತಿ ಬಿಳಿ, ಎರಡು ತಾಯಿಯಂತೆ ಬೂದು. ಗಾಳಿ ಬಡಿಯದಂತೆ ರಟ್ಟು ಅಡ್ಡ ಇಟ್ಟೆ, ತಾಯಿಗೆ ಹಾಲು ಮೊಟ್ಟೆ ಕೊಟ್ಟೆ. ಸಂಭ್ರಮ ತಡೆಯಲಾರದೆ ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ. ಬ್ಲೌಸ್ ಅಳತೆ ಕೊಡಲು ಬಂದವರೆಲ್ಲ ಬಗ್ಗಿ ನೋಡಿದರು. ನರಸಿಂಹರಾಜಪುರದ ನನ್ನ ಗೆಳತಿಯೊಬ್ಬಳು ಬಿಳಿಯದು ತನಗಿರಲಿ ಎಂದಳು, ನಾನು ಹೂಂ ಎಂದೆ.

ಬುಟ್ಟಿ ಖಾಲಿಯಾದಾಗ ನಾನು ನೇರ ಅತ್ತೆಯನ್ನೇ ಕೇಳಿದೆ.

"ನಂಗೆಂತ ಗೊತ್ತು ಮಾರಾಯ್ತಿ. ಬೆಕ್ಕು ಮರೀನ ಏಳು ಮನೆ ತಿರುಗಿಸ್ತದೆ" ಎಂದರು.

ನನಗೆ ನಂಬಿಕೆ ಬರಲಿಲ್ಲ. ಹಿಂದಿನ ಸಲದ ಮೂರು ಮರಿಗಳಲ್ಲಿ ಎರಡನ್ನು ಅಕ್ಕಿ ಚೀಲಕ್ಕೆ ಹಾಕಿ, ದೂರದ ಕೆರೆಕಟ್ಟೆ ಕಡೆ ಹೊರಟಿದ್ದ ಜೀಪಿನವನ ಕೈಗೆ ಕೊಟ್ಟವರು ಇವರೇ. ತಾಯಿ ಕೂಗಿ ರಂಪ ಮಾಡದಿರಲಿ ಎಂದು ಒಂದನ್ನು ಉಳಿಸಿದ್ದರು. ನಮ್ಮ ಕಡೆ ಮರಿ ದಾಟಿಸುವ ಕ್ರಮವೇ ಹಾಗೆ. ಆದ್ದರಿಂದ ಈ ಸಲ ಬೆಕ್ಕು ಕೂಗದೆ ತಣ್ಣಗೆ ಓಡಾಡಿಕೊಂಡಿದ್ದುದು ನನಗೆ ಸಮಾಧಾನ ತರಲಿಲ್ಲ. ಒಂದನ್ನು ಎಲ್ಲೋ ಉಳಿಸಿ, ಮಿಕ್ಕ ಎರಡನ್ನು ಸಾಗಹಾಕಿದ್ದಾರೆ ಎಂದೇ ಲೆಕ್ಕ ಹಾಕಿದೆ.

ಆಮೇಲೆ ಕಂಡದ್ದಕ್ಕೆಲ್ಲ ಅದೇ ಅರ್ಥ ಹೊಳೆಯತೊಡಗಿತು. ಅತ್ತೆಯ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದರೆ ಒಗ್ಗರಣೆ ಸಿಡಿಯಿತು ಎಂದರು. ಆ ದಿನ ಮನೆಯಲ್ಲಿ ಒಗ್ಗರಣೆ ಹಾಕಿದವಳು ನಾನು. ಬೆಕ್ಕು ಪರಚಿರಬೇಕು, ಬೇಕು ಇವರಿಗೆ, ಎಂದು ಒಳಗೊಳಗೇ ಖುಷಿಪಟ್ಟೆ. ಪಾತ್ರೆಯಲ್ಲಿ ಹಾಲು ಕಮ್ಮಿಯಾಗುತ್ತಿತ್ತು. ಬಚ್ಚಲುಮನೆಯ ಬಾಗಿಲಿಗೆ ಯಾವಾಗಲೂ ಒಂದು ಕಲ್ಲು ಒರಗಿರುತ್ತಿತ್ತು, ಬೆಕ್ಕು ನುಸುಳುವಷ್ಟೇ ಸಂದು ಬಿಟ್ಟು. ಬೆಕ್ಕಂತೂ ನಾನು ಹಿಂದೆ ಹೋದರೆ ಅಂಗಳದಲ್ಲೇ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಹಾಲೆರೆದ ನನ್ನ ಮೇಲೇ ಅದಕ್ಕೆ ಅನುಮಾನ. ಈ ಮನೆಯಲ್ಲಿ ಅತ್ತೆ, ಬೆಕ್ಕು ಇಬ್ಬರೂ ಸೇರಿ ನನ್ನನ್ನು ಹೊರಗಿಟ್ಟಿದ್ದಾರೆ ಎಂದು ಮೈ ಉರಿಯಿತು.

ಒಂದು ಮಧ್ಯಾಹ್ನ ಅತ್ತೆ ಸೆರಗಿನಲ್ಲಿ ಬಟ್ಟಲು ಮುಚ್ಚಿಕೊಂಡು ಹಿಂದಕ್ಕೆ ಹೋದರು. ಹೊಲಿಗೆ ಅರ್ಧಕ್ಕೆ ಬಿಟ್ಟು ನಾನೂ ಹೋದೆ. ಬಾಗಿಲು ತಳ್ಳಿದರೆ ಅವರು ಹಂಡೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒಲೆಯ ಬಾಯಲ್ಲಿ, ಬೂದಿಯ ಮೇಲೆ, ಬೆಕ್ಕು ಉದ್ದಕ್ಕೆ ಮಲಗಿತ್ತು. ಮೂರೂ ಮರಿಗಳು ಹಾಲು ಕುಡಿಯುತ್ತಿದ್ದವು. ಬಿಳಿಯದು ಯಾವುದು ಎಂದು ಗುರುತೇ ಸಿಗಲಿಲ್ಲ.

"ಗೊತ್ತಿಲ್ಲ ಅಂದ್ರಲ್ಲ ಅತ್ತೆ?"

"ಮೆಲ್ಲ ಮಾತಾಡು. ನಿಂಗೆ ಹೇಳಿದ್ರೆ ಎನ್.ಆರ್. ಪುರದ ತನಕ ಗೊತ್ತಾಗ್ತದೆ. ಕಣ್ಣು ಬಿಡದ ಮರೀನ ಊರಿಗೆಲ್ಲ ತೋರಿಸಿದ್ದಲ್ದೆ, ಒಂದನ್ನ ಕೊಡ್ತೀನಿ ಅಂತನೂ ಹೇಳಿಬಿಟ್ಟಿದ್ದೆ ನೀನು."

ನಾನು ಅವರ ಮೇಲೆ ಕಣ್ಣಿಟ್ಟಷ್ಟು ದಿನವೂ ಅವರು ನನ್ನ ಮೇಲೆ ಕಣ್ಣಿಟ್ಟಿದ್ದರು. ನಾಚಿಕೆಯಾಯಿತು, ಸಿಟ್ಟೂ ಇಳಿಯಲಿಲ್ಲ. "ಹಿಂದಿನ ಸಲ ಚೀಲಕ್ಕೆ ಹಾಕಿದ್ದು ಯಾರು?" ಎಂದುಬಿಟ್ಟೆ.

ಅವರು ಬೆರಳಿನ ಬಟ್ಟೆ ಬಿಚ್ಚಿದರು. ಪರಚಿದ ಗೆರೆ ಇರಲಿಲ್ಲ, ಸುಟ್ಟ ಗುಳ್ಳೆ ಇತ್ತು.

"ಅವತ್ತು ಬೆಳಿಗ್ಗೆ ಸಿಪ್ಪೆ ತುರುಕಿ ಕಡ್ಡಿ ಗೀರಿಯಾಗಿತ್ತು. ಇನ್ನೇನು ಹಿಡಿಸ್ಬೇಕು, ಒಳಗಿಂದ ಕೀಂಯ್ ಅಂತು. ಕೈ ಅಲ್ಲೇ ನಿಂತುಹೋಯ್ತು. ಬೆರಳು ಸುಟ್ಟ ಮೇಲೆ ಗೊತ್ತಾಗಿದ್ದು, ಕಡ್ಡಿ ಕೈಯಲ್ಲೇ ಇದೆ ಅಂತ." ಬಟ್ಟಲನ್ನು ಬೆಕ್ಕಿನ ಹತ್ತಿರಕ್ಕೆ ಸರಿಸುತ್ತ ಹೇಳಿದರು, "ಆ ಚೀಲ ಕೊಟ್ಟ ಮೇಲೆ ಇದು ನನ್ನ ಕಂಡ್ರೆ ಕಿಟಕಿ ಹಾರ್ತಿತ್ತು. ಎಷ್ಟೋ ತಿಂಗಳು. ಈಗ ತಂದು ನನ್ನ ಒಲೆಯಲ್ಲೇ ಇಟ್ಟಿದೆ."

ನಾನು ಅವರ ಪಕ್ಕ ಕೂತೆ. ಬೆಕ್ಕು ತಲೆಯೆತ್ತಿ ನನ್ನನ್ನು ನೋಡಿತು, ಆಮೇಲೆ ಅವರನ್ನು ನೋಡಿ ತಲೆ ಇಳಿಸಿತು. ನನಗೆ ಹೊಟ್ಟೆಕಿಚ್ಚಾಯಿತು.

ಮರಿಗಳು ಅನ್ನ ತಿನ್ನುವಷ್ಟಾದ ಮೇಲೆಯೇ ಬಿಳಿಯದು ನರಸಿಂಹರಾಜಪುರಕ್ಕೆ ಹೋಯಿತು. ಅದಕ್ಕೂ ಮೊದಲು ಅತ್ತೆ ಗೆಳತಿಯ ಮನೆಯಲ್ಲಿ ನಾಯಿ ಇದೆಯೇ, ರಸ್ತೆ ಎಷ್ಟು ಹತ್ತಿರ ಎಂದೆಲ್ಲ ಫೋನಿನಲ್ಲಿ ವಿಚಾರಿಸಿದರು. ಬೂದು ಮರಿಗಳೆರಡೂ ನಮ್ಮಲ್ಲೇ ಉಳಿದವು. ಬಚ್ಚಲೊಲೆ ಮತ್ತೆ ಹತ್ತಿಕೊಂಡಿತು.

ಈಗಲೂ ಬೆಂಕಿ ಹಾಕುವ ಮೊದಲು ಅತ್ತೆ ಒಲೆಯೊಳಗೆ ಕೈ ಹಾಕಿ ಬೂದಿ ಕೆದಕಿ ನೋಡುತ್ತಾರೆ. ಅವರು ಸಿಪ್ಪೆ ತರಲು ಎದ್ದು ಹೋದಾಗ ನಾನೂ ಒಮ್ಮೆ ಕೈ ಹಾಕಿ ನೋಡುತ್ತೇನೆ. ಅವರಿಗೆ ಅದು ಗೊತ್ತು. ಬೇಕೆಂದೇ ತಡ ಮಾಡಿ ಬರುತ್ತಾರೆ.