ದ್ರಾಕ್ಷಿ ಚಪ್ಪರದಲ್ಲಿ ಹೋರಿಯ ಉಸಿರು

ದೆವ್ವ ಕಂಡೆ, ಮೈಮೇಲೆ ಸ್ವಾಮಿ ಬಂತು ಎನ್ನುವವರ ದನಿಯನ್ನು ನಾನು ಬಹಳ ಚೆನ್ನಾಗಿ ಅಣಕಿಸುತ್ತೇನೆ. ತಮಿಳುನಾಡಿನ ಕಂಬಂ ಸುತ್ತಮುತ್ತಲಿನ ನಂಟರ ಮದುವೆಗಳಲ್ಲಿ ಅದಕ್ಕೇ ನನಗೆ ಬೇಡಿಕೆ. ಅಂಥ ಮಾತುಗಳನ್ನು ಎಂದೂ ನಂಬಿದವನಲ್ಲ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗಬೇಕೆನಿಸಿದರೆ ನಕ್ಕುಬಿಡಿ, ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಕಂಬಂನಲ್ಲಿ ನಮ್ಮ ಕುಲದವರದೊಂದು ದನದ ಹಿಂಡಿದೆ. ಅದರಲ್ಲಿ ಒಂದು ಹೋರಿಯನ್ನು ಸ್ವಾಮಿ ಎನ್ನುತ್ತೇವೆ. ಅದಕ್ಕೆ ನೊಗ ಹೂಡುವುದಿಲ್ಲ, ಅದನ್ನು ಮಾರುವುದಿಲ್ಲ. ನಾನು ಅದರ ಕೂಗನ್ನೂ ಅಣಕಿಸದೆ ಬಿಟ್ಟಿರಲಿಲ್ಲ. ಗಂಟಲಲ್ಲಿ ಗುಡುಗಿನಂತೆ ಶುರುವಾಗಿ, ಕೊನೆಗೆ ಮೂಗಿನಲ್ಲಿ ಒಂದು ಕೊಂಕು. ನನ್ನ ಅಣಕು ಕೇಳಿದಾಗಲೆಲ್ಲ ಸೋದರತ್ತೆ ರೇಗುತ್ತಿದ್ದಳು.

“ಏಯ್ ಕೋಡಂಗಿ, ಸ್ವಾಮಿ ಮಾದ್ರಿ ಕೂಗ್ಬ್ಯಾಡ್ಲಾ. ಕೇಳ್ಕಂಡು ಬಂದ್ರೆ ಏನ್ ಮಾಡ್ತೀಯ?”

“ಬಂದ್ರೆ ಟೀ ಕುಡ್ಸಿ ಕಳಿಸ್ತೀನಿ, ಅತ್ತೆ.”

ಕೆಲವು ವರ್ಷಗಳ ಹಿಂದಿನ ಮಾತು. ಕಂಬಂನಿಂದ ಕೆಲವು ಮೈಲಿ ದೂರ, ಗೂಡಲೂರು ಕಡೆಯ ನಮ್ಮ ದ್ರಾಕ್ಷಿ ತೋಟದಲ್ಲಿ ಅತ್ತೆ, ನಾನು ಇಬ್ಬರೇ ಇದ್ದೆವು. ಇಳಿಬಿಸಿಲು. ಆಗತಾನೆ ನೀರು ಹಾಯಿಸಿದ್ದರಿಂದ ಚಪ್ಪರದ ಕೆಳಗೆಲ್ಲ ಕೆಸರು. ಅತ್ತೆಗೆ ಮಂಡಿನೋವು, ಮೋಟರ್ ರೂಮಿನ ಕಟ್ಟೆಯ ಮೇಲೆ ಕೂತಳೆಂದರೆ ಎಬ್ಬಿಸಲು ಒಬ್ಬರು ಬೇಕು. ಗುರುತಿಲ್ಲದ ಒಬ್ಬ ಬಳ್ಳಿಗಳ ಅಡಿಯಿಂದ ಬಂದ. ಕೈಯಲ್ಲಿ ಮಚ್ಚು, ಕಣ್ಣು ಅತ್ತೆಯ ಕೊರಳಿನ ಸರದ ಮೇಲೆ.

“ಓಡ್ಲಾ!” ಎಂದು ಅತ್ತೆ ಕಿರುಚಿದಳು. ನಾನು ಓಡಬಹುದಿತ್ತು. ಅವಳು ಏಳಲೂ ಆಗದವಳು. ಅವನಿಗೂ ಅವಳಿಗೂ ನಡುವೆ ನಿಂತುಕೊಂಡೆ.

ಅವನು ಮಚ್ಚು ಎತ್ತಿದ. ನಮ್ಮ ಚಪ್ಪರ ತಗ್ಗು. ಮಚ್ಚು ಮೇಲಿನ ತಂತಿಗೆ ತಗುಲಿ ಒಂದು ಗಳಿಗೆ ತಡೆಯಿತು. ಕಾಲೇಜಿನಲ್ಲಿ ಆತ್ಮರಕ್ಷಣೆ ಕಲಿಸಲು ಬಂದಿದ್ದ ಡೊಳ್ಳುಹೊಟ್ಟೆಯ ಮೇಷ್ಟ್ರೊಬ್ಬರನ್ನು ನಾನು ವರ್ಷವಿಡೀ ಅಣಕಿಸಿದ್ದೆ: “ಹಿಂದೆ ಸರೀಬೇಡ ತಂಬಿ, ಒಳಗೆ ನುಗ್ಗು, ಮಣಿಕಟ್ಟು ಹಿಡಿ!” ಅವತ್ತು ಹೊಟ್ಟೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಗೆಯೇ ಮಾಡಿದೆ. ನುಗ್ಗಿ, ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದು, ತಲೆಯನ್ನು ಅವನ ಎದೆಗೆ ಒತ್ತಿದೆ. ಮಚ್ಚಿನ ತುದಿ ನನ್ನ ಭುಜ ಸೀಳಿತು. ಅವನು ಇನ್ನೊಂದು ಕೈಯಿಂದ ಪಕ್ಕೆಗೆ ಗುದ್ದುತ್ತಲೇ ಇದ್ದ. ಏನಾದರೂ ಆಗಲಿ, ಈ ಕೈ ಬಿಡುವುದಿಲ್ಲ ಎಂದುಕೊಂಡೆ. ಚಪ್ಪರದ ಕಲ್ಲುಕಂಬದತ್ತ ಅವನನ್ನು ಎಳೆದೆ. ಕಂಬ ಸಿಕ್ಕಿತು, ಆದರೆ ತೋಳು ಸೋಲತೊಡಗಿತು. ಎರಡು ಕೈಗೂ ಕೆಲಸವಿತ್ತು. ಖಾಲಿ ಇದ್ದದ್ದು ಬಾಯೊಂದೇ. ಅದರಿಂದ ಹೋರಿಯ ಕೂಗು ಹೊರಟಿತು.

ಉತ್ತರ ಬಂತು. ಅವನ ಬೆನ್ನ ಹಿಂದೆಯೇ, ಅಷ್ಟು ಹತ್ತಿರದಿಂದ. ಮೆಲುಕಿನ ವಾಸನೆಯ ಬಿಸಿ ಉಸಿರು ಅವನ ಹೆಗಲು ದಾಟಿ ನನ್ನ ಮುಖಕ್ಕೆ ಬಡಿಯಿತು.

“ಮಾಡು! ಪಿನ್ನಾಡಿ ಮಾಡು!” ಹಿಂದೆ ದನವಿದೆ ಎಂದು ಅವನು ತಮಿಳಿನಲ್ಲಿ ಅರಚಿ ಕತ್ತು ತಿರುಗಿಸಿದ. ನಾನು ಅವನ ಮಣಿಕಟ್ಟನ್ನು ಕಲ್ಲಿಗೆ ಅಪ್ಪಳಿಸಿದೆ, ಮತ್ತೆ ಅಪ್ಪಳಿಸಿದೆ. ಮಚ್ಚು ಬಿತ್ತು. ಅದನ್ನು ಕಾಲಿನಿಂದ ಕೆಸರಿಗೆ ತುಳಿದು ಅದರ ಮೇಲೇ ನಿಂತೆ. ಅವನು ಓಡಿದ. ಅತ್ತೆಯ ಕೂಗಿಗೆ ಬಂದ ಜನ ರಸ್ತೆಯಲ್ಲಿ ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು.

ಅಲ್ಲಿ ಹೋರಿ ಇರಲಿಲ್ಲ. ಕಟ್ಟೆಯಿಂದ ಅತ್ತೆಗೆ ಕಂಡದ್ದು ನಾವಿಬ್ಬರೇ, ಆದರೆ ಕೂಗು ಮಾತ್ರ ಎರಡು ಸಲ ಕೇಳಿತ್ತು. ಕಂಬದ ಸುತ್ತ ಕೆಸರಿನಲ್ಲಿ ನಮ್ಮಿಬ್ಬರ ಹೆಜ್ಜೆ ಬಿಟ್ಟರೆ ಒಂದು ಗೊರಸಿನ ಗುರುತೂ ಇಲ್ಲ. ಹೋರಿ ಕಂಬಂ ಕೊಟ್ಟಿಗೆ ಬಿಟ್ಟು ಕದಲಿರಲಿಲ್ಲ ಎಂದು ಕಾಯುವವನು ಹೇಳಿದ. ಮೋಟರ್ ರೂಮಿನ ಗೋಡೆಯ ಪ್ರತಿಧ್ವನಿ ಎಂದುಕೊಳ್ಳೋಣವೆಂದರೆ, ಪ್ರತಿಧ್ವನಿಗೆ ವಾಸನೆ ಇರುತ್ತದೆಯೆ? ಹಿಡಿದವರೆಲ್ಲ ನೋಡಿದ್ದಾರೆ, ಅವನ ಅಂಗಿಯ ಬೆನ್ನು ಜೊಲ್ಲಿನಿಂದ ತೊಯ್ದು, ಅಗಿದ ಹುಲ್ಲಿನ ಚೂರು ಅಂಟಿಕೊಂಡಿತ್ತು.

ಮರುದಿನ ಅತ್ತೆ ನನ್ನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋದಳು. “ಬಂದೋರ್ಗೆ ಟೀ ಕುಡ್ಸ್ದೇನ್ಲಾ?” ಎಂದು ಚುಚ್ಚಿ, “ಈಗ ಕೂಗು ನೋಡಾನ” ಎಂದಳು. ಭುಜದ ಪಟ್ಟಿ ಹಿಡಿದುಕೊಂಡು ನನ್ನ ವಿದ್ಯೆಯನ್ನೆಲ್ಲ ಒಟ್ಟುಮಾಡಿ ಕೂಗಿದೆ. ಸ್ವಾಮಿ ಮೆಲುಕು ಹಾಕುತ್ತಲೇ ಇತ್ತು, ಮುಖ ಕೂಡ ತಿರುಗಿಸಲಿಲ್ಲ.

“ಸ್ವಾಮಿ ಕೂಗು ಹಂಗಿಲ್ಲ ಬಿಡ್ಲಾ” ಎಂದು ಅತ್ತೆ ನಕ್ಕಳು.

ಅವಳು ಹೇಳಿದ್ದು ಸರಿ. ಕೊನೆಯ ಆ ಮೂಗಿನ ಕೊಂಕು ನನಗೆ ಇಂದಿಗೂ ಕೂಡಿಬಂದಿಲ್ಲ. ಆದರೆ ಅವತ್ತು ಅವನ ಬೆನ್ನ ಹಿಂದಿನಿಂದ ಬಂದ ಕೂಗಿನಲ್ಲಿ ಅದು ಸರಿಯಾಗಿಯೇ ಇತ್ತು.