ಶಾಲು ಹೊದ್ದು ಸುಮ್ಮನೆ ಕುಂತೆ

ನಾನು ಎಂ.ಎಸ್ಸಿ. ಮುಗಿಸಿದ ವರ್ಷದ ಮಾತಿದು. ಕೆನಾಲ್ ನೀರು ಬಂದು ಶಹಾಪುರ ಕಡೆಯ ನಮ್ಮೂರಿನ ಹೊಲ ಎಲ್ಲಾ ಭತ್ತದ ಗದ್ದಿ ಆಗಿದ್ದವು. ನನ್ನ ಪ್ರಾಜೆಕ್ಟಿಗೆ ಲಕ್ಕಿ ಗಿಡದ ತಪ್ಪಲ, ಅಂದರೆ ಎಲೆ ಬೇಕಿತ್ತು. ಬಾಜೂ ಮನಿ ನಾಗಮ್ಮ ನಾಟಿ ಮುಗಿಸಿ ಬರುವಾಗ ಕೆನಾಲ್ ದಂಡಿಯಿಂದ ಚೀಲದ ತುಂಬ ಹರಕೊಂಡು ಬಂದು ಕೊಟ್ಟಳು. "ಇಷ್ಟು ಓದಿ ಕಡೀಕ ತಪ್ಪಲಾ ಕುದಸ್ತೀ ಏನವ್ವಾ?" ಅಂತ ನಕ್ಕಳು.

ಅದನ್ನು ಒಣಗಿಸಿ, ಪುಡಿ ಮಾಡಿ, ಸ್ಪಿರಿಟಿನಲ್ಲಿ ನೆನೆಸಿ ರಸ ತೆಗೆದೆ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರಿನ ಜೀವಕೋಶಗಳ ಮೇಲೆ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಸತ್ತವು. ನಾನು ಕುಣಿದಾಡಿಬಿಟ್ಟೆ. ನಮ್ಮ ಪ್ರಾಜೆಕ್ಟ್ ಗೈಡ್ ಮೇಡಂ ಅವತ್ತೇ ಹೇಳಿದರು: "ಜಾಸ್ತಿ ಹಾರಬ್ಯಾಡ. ತಟ್ಟ್ಯಾಗ ಸಾಯೋದು ಬ್ಯಾರೆ, ಮೈಯಾಗ ಸಾಯೋದು ಬ್ಯಾರೆ. ಬರೇ ಸ್ಪಿರಿಟ್ ಜಾಸ್ತಿ ಹಾಕಿದ್ರೂ ಅವು ಸಾಯ್ತಾವ."

ಊರಿನ ಹೈಸ್ಕೂಲಿನವರು ಸನ್ಮಾನ ಇಟ್ಟರು. ಹೆಡ್ ಮಾಸ್ತರು ಶಾಲು ಹೊದಿಸಿ, "ನಮ್ಮೂರ ಹುಡುಗಿ ಕ್ಯಾನ್ಸರಿಗೆ ಔಷಧ ಕಂಡುಹಿಡದಾಳ!" ಅಂತ ಮೈಕಿನಲ್ಲಿ ಅಂದೇಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಅಪ್ಪನ ಕಣ್ಣಲ್ಲಿ ನೀರು. "ಹಂಗಲ್ರೀ ಸರ್" ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಥೂ, ಹಾಳಾದ ಆಸೆ!

ನಾಲ್ಕೈದು ತಿಂಗಳ ಮೇಲೆ ದೀಪಾವಳಿಗೆ ಊರಿಗೆ ಬಂದಾಗ ನಾಗಮ್ಮ ಹಾಸಿಗೆ ಹಿಡಿದಿದ್ದಳು. ಎದೆಯ ಗಡ್ಡೆ ಒಡೆದು ಕೋಣೆಯೆಲ್ಲ ವಾಸನೆ. ಗಡ್ಡೆ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಅವಳ ಗಂಡ ಹೇಳಿದ: "ಕಲಬುರ್ಗಿ ಡಾಕ್ಟರು ಜಲ್ದಿ ಆಪರೇಷನ್ ಮಾಡಸ್ರಿ, ಉಳೀತಾಳ ಅಂದಿದ್ರವ್ವ. ನಿನ್ನ ಸನ್ಮಾನದ ಮರುದಿನಾನೇ ಹೋಗೋದಿತ್ತು. ನಮ್ಮ ಹುಡುಗಿ ಔಷಧ ಇರಬೇಕಾದ್ರ ನಾ ಯಾಕ ಕೊಯ್ಸಕೊಳ್ಳಲಿ ಅಂತ ಇಕಿ ಹಟಾ ಹಿಡದ್ಲು. ದಿನಾ ಎರಡು ಗ್ಲಾಸ್ ಲಕ್ಕಿ ರಸ ಕುಡ್ಯಾಕತ್ಯಾಳ."

ನಾಗಮ್ಮನ ಕೈ ಹಿಡಿದು, "ಅಕ್ಕಾ, ಅದು ಔಷಧ ಅಲ್ಲ! ನಡಿ, ಈಗಿಂದೀಗ ದವಾಖಾನಿಗೆ ಹೋಗೋಣು" ಅಂದೆ. ಜೀಪು ಮಾಡಿಕೊಂಡು ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, "ಇಷ್ಟು ದಿನ ಎಲ್ಲಿದ್ರಿ?" ಅಂತ ಕೇಳಿದರು. ಎರಡು ತಿಂಗಳಿಗೆ ನಾಗಮ್ಮ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಅವರ ಅಂಗಳದಲ್ಲಿ ಎಲ್ಲರ ಮುಂದೆ ನಿಂತು ಹೇಳಿದೆ. "ತಪ್ಪು ನಂದು. ಆ ತಪ್ಪಲಕ್ಕ ಕ್ಯಾನ್ಸರ್ ವಾಸಿ ಆಗಂಗಿಲ್ಲ. ಗೊತ್ತಿದ್ದೂ ನಾ ಅವತ್ತು ಸುಮ್ನ ಕುಂತೆ."

ನಾಗಮ್ಮನ ಗಂಡ ಎದ್ದು ಬಂದು ನನ್ನ ತಲೆ ಮೇಲೆ ಕೈ ಇಟ್ಟ. "ಅಳಬ್ಯಾಡವ್ವ. ನಿನ್ನ ಔಷಧದ್ದೇನೂ ತಪ್ಪಿಲ್ಲ. ನಾವ ಕುಡಸೋದು ತಡಾ ಮಾಡಿದ್ವಿ."

ಬೈದಿದ್ದರೆ, ಎರಡು ಏಟು ಹಾಕಿದ್ದರೆ ತಡಕೊಳ್ಳುತ್ತಿದ್ದೆ. ಈಗಲೂ ಸುರಪುರ, ಕೆಂಭಾವಿ ಕಡೆಯಿಂದ ಜನ ಆ ರಸ ಕೇಳಿಕೊಂಡು ಬರುತ್ತಾರೆ. ಔಷಧ ಅಲ್ರೀ, ದವಾಖಾನಿಗೆ ಹೋಗ್ರಿ ಅಂತ ಕೈ ಮುಗಿಯುತ್ತೇನೆ. ಮುಚ್ಚಿಡತಾಳ ಅಂತ ಬೈಕೊಂಡು ಹೋಗುತ್ತಾರೆ. ಅವತ್ತು ಮೈಕಿನ ಮುಂದೆ ಒಂದೇ ಸಲ ಹೇಳಿದ್ದರೆ ಸಾಕಿತ್ತು.